ಏಳು ಗಾಡಿಯ ಮುಡಿಪು

ತಿ. ನರಸೀಪುರ
2 ಫೆಬ್ರವರಿ 1998

ಶ್ರೀಮಾನ್ ಚಿಕ್ಕಬಸಪ್ಪನವರಿಗೆ ಜಯತೀರ್ಥನ ನಮಸ್ಕಾರಗಳು.

ಫೆಬ್ರವರಿಯ ಮೊದಲ ವಾರ ನನ್ನ ಕೈಬರಹದ ಕಾಗದ ಬಂತೆಂದರೆ ಅದು ಮದುವೆ ಮುಂಜಿಯ ಕರೆಯಲ್ಲ, ಇನ್ಶೂರೆನ್ಸ್ ಕರೆ ಎಂದು ತಮಗೆ ಗೊತ್ತೇ ಇದೆ. ತಮ್ಮ ಏಳೂ ಗಾಡಿಗಳ ಪಾಲಿಸಿ ಮಾರ್ಚ್ ಮೂವತ್ತೊಂದಕ್ಕೆ ಮುಗಿಯುತ್ತದೆ. ಐದು ಮೆಟಡೋರ್, ಎರಡು ಟಾಟಾ 407. ಫೋನ್ ಮಾಡಿ ಹೇಳಿಬಿಡಬಹುದಿತ್ತು. ಆದರೆ "ಫೋನಲ್ಲಿ ಹೇಳಿದ್ದು ಗಾಳಿಗೆ ಹೋಯ್ತದೆ ಆಚಾರ್ರೇ, ಬರ್ದು ಕಳ್ಸಿ" ಎಂದು ತಾವು ಹಾಕಿರುವ ಕಟ್ಟಪ್ಪಣೆಯನ್ನು ಮೀರುವ ಧೈರ್ಯ ಈ ಬಡ ಏಜೆಂಟನಿಗಿಲ್ಲ.

ಮೈಸೂರಿನ ಆಫೀಸಿನಲ್ಲಿ ಮೊನ್ನೆ ನಗೆಪಾಟಲಾಯಿತು. "ಏನ್ರೀ ಜಯತೀರ್ಥ, ನಿಮ್ಮ ನಂಜನಗೂಡಿನ ಪಾರ್ಟಿ ಏಳು ವರ್ಷದಿಂದ ಒಂದು ಕ್ಲೇಮೂ ಹಾಕಿಲ್ಲವಲ್ಲ! ಅವರು ಗಾಡಿ ಓಡಿಸ್ತಾರೋ, ಇಲ್ಲ ಶೆಡ್ಡಿನಲ್ಲಿ ನಿಲ್ಲಿಸಿ ಮಂಗಳಾರತಿ ಎತ್ತುತಾರೋ?" ಎಂದು ಗುಮಾಸ್ತರು ಕೇಳಿದರು. ಬೇರೆಯವರ ಗಾಡಿಗೆ ಕನ್ನಡಿ ಒಡೆದರೂ ಕ್ಲೇಮು ಬರುತ್ತದೆ. ತಮ್ಮ ಗಾಡಿಗಳು ಬಾಳೆಗೊನೆ ಹೊತ್ತು ಹಗಲೂ ಇರುಳೂ ಓಡುತ್ತವೆ, ಒಂದಕ್ಕೂ ತರಚು ಗಾಯವಿಲ್ಲ. ನಾನು ಎದೆಯುಬ್ಬಿಸಿ "ಡ್ರೈವರುಗಳು ಅಂಥವರು ಸಾರ್" ಎಂದು ಬಂದೆ.

ಡ್ರೈವರ್ ಎಂದಾಗ ನೆನಪಾಯಿತು. ನಮ್ಮ ಚಿಕ್ಕಮಾದು ಎಲ್ಲಿ? ವಾರಕ್ಕೆರಡು ಸಲ ಇಲ್ಲಿನ ಮಂಡಿಗೆ ಗೊನೆ ಇಳಿಸಿ, ನಮ್ಮ ಬಾಗಿಲಲ್ಲಿ ಹಾರ್ನ್ ಒತ್ತಿ, ತಮ್ಮ ಚೀಟಿಯೋ ಚಿಪ್ಪು ಬಾಳೆಹಣ್ಣೋ ಕೊಟ್ಟು ಹೋಗುತ್ತಿದ್ದವನು ಡಿಸೆಂಬರಿನಿಂದ ಕಂಡಿಲ್ಲ. ನನ್ನವಳು ಸುಚೇತಾ ಸಂಕ್ರಾಂತಿಗೆ ಅವನ ಪಾಲಿನ ಎಳ್ಳು, ಸಕ್ಕರೆ ಅಚ್ಚು ತೆಗೆದಿಟ್ಟಳು. ಕೊನೆಗೆ ಇರುವೆಗಳು ಹಬ್ಬ ಮಾಡಿದವು.

ತಮ್ಮ ಮಾರುತ್ತರದ ದಾರಿ ಕಾಯುವ,
ಜಯತೀರ್ಥ


ನಂಜನಗೂಡು
9-2-98

ನಂಜುಂಡೇಶ್ವರ ಕಾಪಾಡಲಿ.

ಆಚಾರ್ರಿಗೆ ಶರಣು. ಕಾಗದ ತಲುಪಿತು. ಏಳಲ್ಲ, ಈ ವರ್ಷ ಐದಕ್ಕೆ ಬರೆಯಿರಿ. ಒಂದು 407, ಒಂದು ಮೆಟಡೋರ್ ಮಾರುತ್ತಿದ್ದೇನೆ. ನನಗೂ ಐವತ್ತೆಂಟಾಯಿತು, ಏಳು ಗಾಡಿಯ ಹಿಂದೆ ಓಡಲು ಕಾಲು ಬರುವುದಿಲ್ಲ.

ಕ್ಲೇಮು ಯಾಕಿಲ್ಲ ಎಂದು ನಕ್ಕವರಿಗೆ ಹೇಳಿ, ನಮ್ಮ ಗಾಡಿಗಳಿಗೂ ಪೆಟ್ಟಾಗುತ್ತದೆ, ನಮ್ಮದೇನು ಪುಷ್ಪಕವಿಮಾನವಲ್ಲ. ಗಾಜು ಒಡೆದಿದೆ, ಬಂಪರ್ ನೆಗ್ಗಿದೆ, ತೊಂಬತ್ತನಾಲ್ಕರಲ್ಲಿ ಒಂದು ಮೆಟಡೋರ್ ಕಾಲುವೆಗೇ ಇಳಿದಿತ್ತು. ನಾನೇ ರಿಪೇರಿ ಮಾಡಿಸಿದೆ. ಮುಡಿಪಿನ ಗಂಟು ಬಿಚ್ಚಿ ಖರ್ಚು ಮಾಡುವ ಮನೆತನ ನಮ್ಮದಲ್ಲ. ಮರೆತಿರೇನು? 1991ರಲ್ಲಿ ನಮ್ಮ ಜಗಲಿ ಮೇಲೆ ಕೂತು ನೀವೇ ಹೇಳಿದ್ದು: "ಬಸಪ್ಪನವರೇ, ಇದನ್ನ ಪ್ರೀಮಿಯಂ ಅಂದ್ಕೋಬೇಡಿ. ನಂಜುಂಡನಿಗೆ ಮುಡಿಪು ಕಟ್ಟಿದ್ದೀನಿ ಅಂದ್ಕೊಳ್ಳಿ. ಗಾಡಿ ಕಾಯೋದು ಅವನ ಪಾಡು." ಆ ಮಾತು ನನಗೆ ಹಿಡಿಸಿತು. ಅವತ್ತಿನಿಂದ ಪ್ರತಿ ಮಾರ್ಚಿನಲ್ಲಿ ಚೆಕ್ಕುಗಳನ್ನು ಹಳದಿ ಬಟ್ಟೆಯಲ್ಲಿ ಕಟ್ಟಿ, ಒಂದು ರಾತ್ರಿ ದೇವರ ಮುಂದಿಟ್ಟು, ಬೆಳಿಗ್ಗೆ ನಿಮಗೆ ಕಳಿಸುತ್ತೇನೆ. ದೇವರಿಗೆ ಎಂದು ಎತ್ತಿಟ್ಟದ್ದನ್ನು, "ಅಪ್ಪಾ, ಬಂಪರ್ ನೆಗ್ಗಿತು, ವಾಪಸ್ ಕೊಡು" ಎಂದು ಕೇಳುವುದಕ್ಕೆ ನಾಚಿಕೆಯಾಗಬೇಡವೆ?

ಚಿಕ್ಕಮಾದು ಊರಿಗೆ ಹೋಗಿದ್ದಾನೆ.

ಇಂತಿ,
ಚಿಕ್ಕಬಸಪ್ಪ


ತಿ. ನರಸೀಪುರ
14 ಫೆಬ್ರವರಿ 1998

ಚಿಕ್ಕಬಸಪ್ಪನವರಿಗೆ ನಮಸ್ಕಾರ.

ತಮ್ಮ ಕಾಗದ ಓದಿ ಮೊದಲು ಬಿದ್ದು ಬಿದ್ದು ನಕ್ಕೆ. ಸುಚೇತಾಗೆ ಓದಿ ಹೇಳಿದೆ. ಅವಳು ನಗಲಿಲ್ಲ. "ಅಲ್ಲಾರೀ, ಹಾಗಾದ್ರೆ ಅವರು ಏಳು ವರ್ಷ ಎಲ್ಲಾ ನಷ್ಟ ಕೈಯಿಂದ ಹಾಕಿದ್ದಾರಾ?" ಎಂದಳು. ಮುಡಿಪು ಎಂಬ ಮಾತು ನನ್ನ ಬಾಯಿಂದ ಬಂದದ್ದು ನನಗೆ ನೆನಪೇ ಇರಲಿಲ್ಲ, ಬಸಪ್ಪನವರೇ.

ಅದಿರಲಿ, ಎರಡು ಸಂಗತಿ ನನ್ನನ್ನು ಕೊರೆಯುತ್ತಿವೆ. 407 ಕೊಂಡು ನಾಲ್ಕು ವರ್ಷವಾಗಿಲ್ಲ. ಅದು ಶೋರೂಮಿನಿಂದ ಬಂದ ದಿನ ಊರಿಗೆಲ್ಲ ಹೋಳಿಗೆ ಹಾಕಿಸಿದವರು ತಾವು. ಅದನ್ನೇಕೆ ಮಾರುತ್ತೀರಿ? ಇನ್ನು ತಮ್ಮ ಕಾಗದ ಅಂಚೆಯಲ್ಲಿ ಬಂತು. ಏಳು ವರ್ಷದಲ್ಲಿ ಅಂಚೆಯವನು ನಂಜನಗೂಡಿನ ಕಾಗದ ತಂದದ್ದು ಇದೇ ಮೊದಲು. "ಊರಿಗೆ ಹೋಗಿದ್ದಾನೆ" ಎಂಬುದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿದೆ. ಚಿಕ್ಕಮಾದುವಿನ ಊರು ಚಿಕ್ಕಯ್ಯನಛತ್ರದ ಮಗ್ಗುಲಲ್ಲಿದೆ, ಅಮೇರಿಕದಲ್ಲಲ್ಲ. ಎರಡು ತಿಂಗಳು ಅಲ್ಲೇನು ಮಾಡುತ್ತಿದ್ದಾನೆ?

ಇದ್ದದ್ದು ಇದ್ದ ಹಾಗೆ ತಿಳಿಸಿ.

ತಮ್ಮವನೇ ಆದ,
ಜಯತೀರ್ಥ


ನಂಜನಗೂಡು
19-2-98

ಜಯತೀರ್ಥಣ್ಣನವರಿಗೆ ಚನ್ನಬಸಮ್ಮ ಮಾಡುವ ಶರಣಾರ್ಥಿ.

ನಿಮ್ಮ ಕಾಗದವನ್ನು ಯಜಮಾನರು ಓದಿ ಕ್ಯಾಲೆಂಡರ್ ಹಿಂದೆ ಸಿಕ್ಕಿಸಿಟ್ಟರು. ಉತ್ತರ ಬರೆಯುವುದಿಲ್ಲ ಅಂತ ಗೊತ್ತಾಯಿತು. ನಾನು ಏಳನೇ ಕ್ಲಾಸು ಓದಿದವಳು, ತಪ್ಪಿದ್ದರೆ ತಿದ್ದಿಕೊಂಡು ಓದಿ.

ಡಿಸೆಂಬರ್ ಇಪ್ಪತ್ತೆರಡನೇ ತಾರೀಕು ಚಿಕ್ಕಮಾದು ಗೊನೆ ತುಂಬಿಕೊಂಡು ನಿಮ್ಮೂರಿಗೇ ಬರುತ್ತಿದ್ದ. ಬಿಳಿಗೆರೆ ಹತ್ತಿರ ಟಾರು ರೋಡಿನ ಮೇಲೆ ಹುರುಳಿ ಒಕ್ಕಣೆಗೆ ಹರಡಿದ್ದರು. ಗಾಡಿಗಳು ಹರಿದು ಕಾಳು ಉದುರಲಿ ಅಂತ ನಮ್ಮ ಕಡೆಯವರು ಹಾಕುತ್ತಾರಲ್ಲ, ಹಾಗೆ. ಒಬ್ಬಳು ಮುದುಕಿ ಕಾಳು ಗುಡಿಸುತ್ತಾ ನಡುರೋಡಿಗೆ ಬಂದುಬಿಟ್ಟಳು. ಇವನು ಬ್ರೇಕ್ ಒತ್ತಿದ. ಹುರುಳಿ ಸೊಪ್ಪಿನ ಮೇಲೆ ಚಕ್ರ ಜಾರಿತು. ಮುದುಕಿಯನ್ನು ಉಳಿಸಿ ಹುಣಸೆ ಮರಕ್ಕೆ ಹೊಡೆದ. ಮುದುಕಿಗೆ ಒಂದು ಗೀರೂ ಆಗಲಿಲ್ಲ. ಚಿಕ್ಕಮಾದುವಿನ ಬಲಗಾಲು ಮೊಣಕಾಲ ಕೆಳಗೆ ತೆಗೆಯಬೇಕಾಯಿತು. ಪೊಲೀಸರು ಬಂದು ಎಲ್ಲಾ ಬರೆದುಕೊಂಡು ಹೋದರು. ಆ 407 ಗಾಡಿ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದುಕೊಂಡು ನಿಂತಿದೆ.

ಆಸ್ಪತ್ರೆ ಖರ್ಚು ಯಜಮಾನರು ಕೊಟ್ಟರು. ಈಗ ಎರಡು ಗಾಡಿ ಮಾರಿ ಅವನಿಗೆ ಒಂದು ಅಂಗಡಿ ಹಾಕಿಕೊಡುತ್ತೇನೆ ಅನ್ನುತ್ತಾರೆ. ಅವನೋ ಬಿಲ್‌ಕುಲ್ ಬೇಡ ಅನ್ನುತ್ತಾನೆ. ಅವನ ಹೆಂಡತಿ ಚಿನ್ನಮ್ಮ, ನಾನು ಕಳಿಸಿದ ಅಕ್ಕಿ ಮೂಟೆಯನ್ನು ಗಾಡಿಯಲ್ಲಿ ವಾಪಸ್ ಕಳಿಸಿದಳು. "ಅವ್ವಾ, ಗಾಡಿ ಗುದ್ದುದ್ದು ನಾನು. ಬುದ್ಧಿಯೋರು ಗಾಡಿ ಮಾರಿ ನನ್ ಒಟ್ಟೆ ತುಂಬ್ಸುದ್ರೆ ಆ ಅನ್ನ ಇಳೀತದಾ?" ಅಂತಾನೆ ಮಾದು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅಂತಾರಲ್ಲ, ಇಬ್ಬರ ಮಧ್ಯೆ ನಾನು ನೊಗ ಆಗಿದ್ದೀನಿ.

"ಇನ್ಶೂರೆನ್ಸು ಇದೆಯಲ್ಲ, ಕೇಳಬಾರದಾ" ಅಂತ ನಾನು ಒಂದೇ ಒಂದು ಸಲ ಅಂದೆ. "ಮುಡಿಪು ಬಿಚ್ಚು ಅಂತೀಯಾ?" ಅಂತ ಎರಡು ದಿನ ಮಾತು ಬಿಟ್ಟರು. ಅಣ್ಣಾ, ಆ ಮಾತು ಹೇಳಿದವರು ನೀವು. ಬಿಡಿಸುವವರೂ ನೀವೇ ಆಗಬೇಕು.

ನಿಮ್ಮ ತಂಗಿ,
ಚನ್ನಬಸಮ್ಮ


ತಿ. ನರಸೀಪುರ
23 ಫೆಬ್ರವರಿ 1998

ಚಿಕ್ಕಬಸಪ್ಪನವರಿಗೆ,

ಎಲ್ಲಾ ಗೊತ್ತಾಯಿತು. ಹೇಗೆ ಗೊತ್ತಾಯಿತೆಂದು ಮನೆಯಲ್ಲಿ ಯಾರನ್ನೂ ಗದರಬೇಡಿ. ಚಿಕ್ಕಮಾದುವಿನ ಕಾಲು ಹೋದದ್ದು ನಮ್ಮೂರಿಗೆ ಬರುವ ದಾರಿಯಲ್ಲಿ. ನಾನು ಎಳ್ಳು ಬೆಲ್ಲಕ್ಕೆ ಬರಲಿಲ್ಲವೆಂದು ಅವನನ್ನು ಬೈದುಕೊಳ್ಳುತ್ತಿದ್ದೆ. ಎಷ್ಟು ಸಂಕಟವಾಗಿದೆ ಎಂದು ಬರೆಯಲು ಬರುವುದಿಲ್ಲ.

ಈಗ ನನ್ನ ತಪ್ಪೊಪ್ಪಿಗೆ ಕೇಳಿ. ತೊಂಬತ್ತೊಂದರಲ್ಲಿ ನಾನು ರೈಸ್‌ಮಿಲ್ಲಿನ ಗುಮಾಸ್ತಿಕೆ ಕಳೆದುಕೊಂಡು ಏಜೆನ್ಸಿ ಹಿಡಿದಿದ್ದೆ. ನಂಜನಗೂಡಿನ ಬಿಸಿಲಲ್ಲಿ ಬೆಳಗಿನಿಂದ ಹನ್ನೊಂದು ಬಾಗಿಲು ತಟ್ಟಿದ್ದೆ. ಹನ್ನೊಂದು ಕಡೆಯೂ ಆಮೇಲೆ ನೋಡೋಣ ಎಂದರು. ತಮ್ಮದು ಹನ್ನೆರಡನೆಯದು. ತಾವು ಮಜ್ಜಿಗೆ ಕೊಡಿಸಿ "ಕಟ್ಟಿದ್ದು ವಾಪಸ್ ಬತ್ತದಾ?" ಎಂದು ಕೇಳಿದಿರಿ. ಏನೂ ಆಗದಿದ್ದರೆ ಬರುವುದಿಲ್ಲ ಎಂದರೆ ಹನ್ನೆರಡನೆಯ ಬಾಗಿಲೂ ಮುಚ್ಚುತ್ತಿತ್ತು. ಗೋಡೆಯ ಮೇಲೆ ನಂಜುಂಡನ ಪಟ, ಪಟದ ಕೆಳಗೆ ಮೊಳೆಗೆ ಎರಡು ಹಳದಿ ಗಂಟು ತೂಗುತ್ತಿದ್ದವು. ನಾಲಿಗೆಯ ಮೇಲೆ ಮುಡಿಪು ಎಂಬ ಮಾತು ಬಂದು ಕೂತಿತು. ಅಷ್ಟೇ. ಅದು ವ್ಯಾಪಾರದ ಮಾತು, ಶಾಸ್ತ್ರದ ಮಾತಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮಮ್ಮ ಹೇಳುತ್ತಿದ್ದದ್ದು ನನ್ನಂಥವನಿಗೇ.

ಇನ್ನೊಂದು ಮಾತು ತಾವು ತಿಳಿಯಬೇಕು. ಪ್ರತಿ ಪಾಲಿಸಿಯಲ್ಲಿ ಗಾಡಿಯದಲ್ಲದೆ, ಗಾಡಿ ಓಡಿಸುವವನ ಪಾಲಿಗೆಂದೇ ವರ್ಷಕ್ಕೆ ಹದಿನೈದು ರೂಪಾಯಿ ಬೇರೆ ಕಟ್ಟಿಸಿದ್ದೇನೆ. ಅದನ್ನು ದಂಡವೆಂದು ಬಿಟ್ಟುಬಿಡುವ ಮಾಲೀಕರೇ ಹೆಚ್ಚು. ತಾವು ಒಂದು ವರ್ಷವೂ ಬಿಟ್ಟಿಲ್ಲ. ಅದರಿಂದ ಬರುವ ಪರಿಹಾರ ತಮ್ಮದಲ್ಲ, ಚಿಕ್ಕಮಾದುವಿನದು. ತಾವು ಸಹಿ ಹಾಕಿದರೆ ಅವನು ಯಾರ ಹಂಗೂ ಇಲ್ಲದೆ ಬದುಕಬಹುದು. ಆದರೆ ಅಪಘಾತವಾದ ಕೂಡಲೇ ತಿಳಿಸಬೇಕಿತ್ತು, ಆಗಲೇ ಎರಡು ತಿಂಗಳಾಗಿದೆ. ಇನ್ನೂ ತಡವಾದರೆ ಕಂಪನಿಯವರು ಬಾಗಿಲು ಹಾಕುತ್ತಾರೆ.

ಬೇಡಿಕೊಳ್ಳುತ್ತೇನೆ. ಗಂಟು ಬಿಚ್ಚಿ.

ಜಯತೀರ್ಥ


ನಂಜನಗೂಡು
2-3-98

ಜಯತೀರ್ಥಾಚಾರ್ರಿಗೆ,

ಶಿವರಾತ್ರಿ ಉಪವಾಸದಲ್ಲಿ ನಿಮ್ಮ ಕಾಗದ ಓದಿದೆ. ಆ ಹೊಟ್ಟೆಯಲ್ಲಿ ಉತ್ತರ ಬರೆಯಬಾರದು ಎಂದು ಸುಮ್ಮನಿದ್ದೆ. ಈಗ ಉಂಡಿದ್ದೇನೆ, ಆದರೂ ಸಿಟ್ಟು ಇಳಿದಿಲ್ಲ.

ವ್ಯಾಪಾರದ ಮಾತಂತೆ! ನಿಮಗೆ ಮಜ್ಜಿಗೆ ಕೊಟ್ಟ ಜಗಲಿ ಮೇಲೆ ಕೂತು, ನಮ್ಮ ದೇವರ ಹೆಸರಲ್ಲಿ ವ್ಯಾಪಾರ ಮಾಡಿದಿರಿ. ಹೋಗಲಿ, ನಿಮ್ಮ ಹೊಟ್ಟೆಪಾಡು. ಆದರೆ ಒಂದು ತಿಳಿಯಿರಿ. ನೀವು ಹೇಳಿದ್ದು ಸುಳ್ಳಿರಬಹುದು, ನಾನು ಕಟ್ಟಿದ್ದು ಸುಳ್ಳಲ್ಲ. ಏಳು ವರ್ಷ ಮಿಂದು, ವಿಭೂತಿ ಹಚ್ಚಿ, ಕೈ ಮುಗಿದು ಕಟ್ಟಿದ್ದೇನೆ. ಏಜೆಂಟರು ಬಾಯಿ ತಪ್ಪಿ ಅಂದದ್ದಂತೆ, ಆದ್ದರಿಂದ ಮುಡಿಪಲ್ಲವಂತೆ ಎಂದು ದೇವರ ಮುಂದೆ ನಿಂತು ಹೇಳಲೆ?

ಮಾದು ನನ್ನ ಡ್ರೈವರ್. ಅವನನ್ನು ನೋಡಿಕೊಳ್ಳುವುದು ನನಗೆ ಗೊತ್ತು. ಇದರ ಬಗ್ಗೆ ಇನ್ನು ಕಾಗದ ಬೇಡ.

ಚಿಕ್ಕಬಸಪ್ಪ


ತಿ. ನರಸೀಪುರ
6 ಮಾರ್ಚ್ 1998

ತಂಗಿ ಚನ್ನಬಸಮ್ಮನಿಗೆ ಜಯತೀರ್ಥನ ಆಶೀರ್ವಾದ.

ಯಜಮಾನರ ಕಾಗದ ಬಂತು. ಚೆನ್ನಾಗಿ ಬೈದಿದ್ದಾರೆ, ಬೈಸಿಕೊಳ್ಳಬೇಕಾದವನೇ ನಾನು. ಸುಳ್ಳಿನ ಮೇಲೆ ಕಟ್ಟಿದ ಭಕ್ತಿ ಸುಳ್ಳಾಗುವುದಿಲ್ಲ ಎಂದು ಅವರು ಹೇಳುವುದು ನನಗೂ ಸರಿಯೆಂದೇ ಕಾಣುತ್ತದೆ. ನಾನು ಓದಿದ ನಾಲ್ಕಕ್ಷರದಲ್ಲಿ ಎಲ್ಲಿ ಹುಡುಕಿದರೂ ಮುಡಿಪು ಬಿಚ್ಚುವ ಮಂತ್ರ ಸಿಗಲಿಲ್ಲ.

ಇದರ ಜೊತೆ ಕ್ಲೇಮು ಫಾರಂ ಇಟ್ಟಿದ್ದೇನೆ. ಪೆನ್ಸಿಲಿನಲ್ಲಿ ಗುರುತು ಹಾಕಿರುವ ಮೂರು ಕಡೆ ಯಜಮಾನರ ಸಹಿ ಬೇಕು. ನೀನೂ ಹಾಕುವಂತಿಲ್ಲ, ನಾನೂ ಹಾಕುವಂತಿಲ್ಲ. ಫಾರಮ್ಮನ್ನು ಕ್ಯಾಲೆಂಡರ್ ಹಿಂದೆ ಇಡಬೇಡಮ್ಮ, ಅಕ್ಕಿ ಡಬ್ಬದಲ್ಲಿಡು. ಇನ್ನು ಶಾಸ್ತ್ರವನ್ನು ನಿನಗೇ ಬಿಟ್ಟಿದ್ದೇನೆ.

ಏನೂ ತೋಚದ ನಿನ್ನಣ್ಣ,
ಜಯತೀರ್ಥ


ನಂಜನಗೂಡು
17-3-98

ಅಣ್ಣನವರಿಗೆ ಶರಣು.

ಮೂರು ಕಡೆ ಸಹಿ ಆಗಿದೆ. ಮೊದಲು ಅದನ್ನು ಹೇಳಿಬಿಟ್ಟೆ, ಇನ್ನು ನಿಧಾನವಾಗಿ ಓದಿ.

ನಿನ್ನೆ ಸೋಮವಾರ ದೇವಸ್ಥಾನಕ್ಕೆ ಹೋಗಿದ್ದೆವು. ಹಣ್ಣು ಕಾಯಿ ಕೊಟ್ಟೆವು, ಅರ್ಚಕರು ಕಾಯಿ ಒಡೆದು ಪೂಜೆ ಮಾಡಿ ಒಂದು ಹೋಳು, ಎರಡು ಬಾಳೆಹಣ್ಣು ವಾಪಸ್ ತಟ್ಟೆಗೆ ಹಾಕಿದರು. ಮನೆಗೆ ಬಂದು ಯಜಮಾನರು ಕೈ ಒಡ್ಡಿದರು. ನಾನು ಕೊಡಲಿಲ್ಲ. ತಟ್ಟೆಯನ್ನು ಅಟ್ಟದ ಮೇಲೆ ಇಟ್ಟೆ.

"ಯಾಕೆ?" ಅಂದರು.

"ದೇವರಿಗೆ ಕೊಟ್ಟದ್ದು ವಾಪಸ್ ತಿನ್ನಬಾರದು, ಪಾಪ ಬರ್ತದೆ" ಅಂದೆ.

"ಏನಾಗಿದೆ ನಿಂಗೆ? ಅದು ಪ್ರಸಾದ ಕಣೇ."

"ನಾವು ಕೊಟ್ಟ ಕಾಯೇ ಅಲ್ವಾ? ನಮ್ಮ ಅಂಗಳದ ಮರದ್ದೇ ಅಲ್ವಾ?"

"ನಾವು ಕೊಟ್ಟಿದ್ದು ಕಾಯಿ. ಅವನು ಕೊಟ್ಟಿದ್ದು ಪ್ರಸಾದ. ಪ್ರಸಾದ ಬೇಡ ಅಂದ್ರೆ ನಾವು ಲಿಂಗವಂತರಾ?"

"ಹಂಗಾದ್ರೆ," ಅಂದೆ, "ಏಳು ವರ್ಷ ನಾವು ಕೊಟ್ಟಿದ್ದು ಮುಡಿಪು. ಈಗ ಮಾದುಗೆ ಅಂತ ಬರೋದು ಏನು? ನಂಜುಂಡ ಕೈ ಎತ್ತಿ ಕೊಡೋವಾಗ ನೀವು ಮಧ್ಯೆ ನಿಂತ್ಕೊಂಡು ಬೇಡ ಅಂತೀರಲ್ಲ, ಅದು ಪಾಪ ಅಲ್ವಾ?"

ಇನ್ನು ಯುಗಾದಿವರೆಗೆ ಮಾತಿಲ್ಲ ಅಂದುಕೊಂಡೆ. ಆದರೆ ಅವರು ತಾವೇ ಎದ್ದು ಅಟ್ಟದಿಂದ ತಟ್ಟೆ ಇಳಿಸಿ, ಕಾಯಿಹೋಳನ್ನು ಕಚ್ಚಿ ಕಚ್ಚಿ ಪೂರಾ ತಿಂದರು. ಕೈ ತೊಳೆಯದೆ "ಪೆನ್ನು ಎಲ್ಲಿ?" ಅಂದರು. ಫಾರಮ್ಮಿನ ಮೂಲೆಗೆ ಬಾಳೆಹಣ್ಣು ಅಂಟಿದೆ, ಆಫೀಸಿನವರಿಗೆ ಹೇಳಿ.

ಸಂಜೆಗೆ ಇಬ್ಬರೂ ಮಾದು ಮನೆಗೆ ಹೋದೆವು. ಅವನು ಹೊಸ್ತಿಲ ಮೇಲೆ ಕೂತಿದ್ದ. "ಬುದ್ಧೀ, ಗಾಡಿ ಮಾರೋ ಮಾತಾದ್ರೆ ಒಳಿಕ್ ಬರ್ಬೇಡಿ" ಅಂದ. ನಾನು ನಿಮ್ಮ ಕಾಗದದಲ್ಲಿದ್ದ ಆ ಹದಿನೈದು ರೂಪಾಯಿ ವಿಷಯ ಹೇಳಿದೆ. "ನನ್ ಪಾಲಿಗೂ ಕಟ್ತಿದ್ರಾ ಅವ್ವಾ? ಆ ಅಳ್ದಿ ಗಂಟ ನಾನೇ ಅಲ್ವಾ ವರ್ಸ ವರ್ಸ ನರ್ಸೀಪುರದ ಸ್ವಾಮ್ಯೋರ್ಗೆ ಒತ್ಕೊಂಡೋಗಿ ಕೊಡ್ತಿದ್ದುದ್ದು? ಅದ್ರೊಳ್ಗೆ ನಂದೂ ಇತ್ತಾ?" ಅಂತ ಅತ್ತುಬಿಟ್ಟ. ಯಜಮಾನರೂ ಆ ಕಡೆ ತಿರುಗಿ ಮೂಗು ಸೀನಿದರು. ಚಿನ್ನಮ್ಮ ಅಕ್ಕಿ ಮೂಟೆಯನ್ನು ಈ ಸಲ ವಾಪಸ್ ಕಳಿಸಲಿಲ್ಲ.

ನಿಮ್ಮ ತಂಗಿ,
ಚನ್ನಬಸಮ್ಮ


ತಿ. ನರಸೀಪುರ
8 ಏಪ್ರಿಲ್ 1998

ಚಿಕ್ಕಬಸಪ್ಪನವರಿಗೆ ನಮಸ್ಕಾರಗಳು.

ನನ್ನ ಮೇಲಿನ ಸಿಟ್ಟು ಎಷ್ಟು ಉಳಿದಿದೆಯೋ ಗೊತ್ತಿಲ್ಲ. ಏಳೂ ಗಾಡಿಗೆ ಚೆಕ್ಕು ಬಂದಿದೆ, ಹಳದಿ ಬಟ್ಟೆಯ ಸಮೇತ. ಆದ್ದರಿಂದ ಅರ್ಧ ಇಳಿದಿದೆ ಎಂದು ಧೈರ್ಯ ಮಾಡಿ ಬರೆಯುತ್ತಿದ್ದೇನೆ.

ಫಾರಮ್ಮಿನಲ್ಲಿ "ತಡವಾಗಿ ತಿಳಿಸಲು ಕಾರಣ" ಎಂದು ಒಂದು ಕಾಲಂ ಇದೆ. ಆಫೀಸಿನಲ್ಲಿ ಗೊತ್ತಿದ್ದವರು "ಮಾಲೀಕರಿಗೆ ಕಾಯಿಲೆ ಆಗಿತ್ತು ಅಂತ ಬರೆದುಬಿಡಿ, ಎಲ್ಲರೂ ಅದೇ ಬರೆಯೋದು" ಎಂದರು. ಪೆನ್ನು ಹಿಡಿದೆ. ಇನ್ನೊಂದು ಸಲ ತಮ್ಮ ಹೆಸರಲ್ಲಿ ವ್ಯಾಪಾರದ ಮಾತು ಆಡಲು ಮನಸ್ಸು ಬರಲಿಲ್ಲ. ಇದ್ದದ್ದನ್ನೇ ಬರೆದೆ: "ಪಾಲಿಸಿದಾರರು ವಿಮೆಯ ಕಂತನ್ನು ದೇವರ ಮುಡಿಪೆಂದು ನಂಬಿ, ಪರಿಹಾರ ಕೇಳುವುದು ಪಾಪವೆಂದು ತಿಳಿದಿದ್ದರು. ಹಾಗೆ ನಂಬಿಸಿದವನು ಈ ಕೆಳಗೆ ಸಹಿ ಮಾಡಿರುವ ಏಜೆಂಟ್."

ಮೂರನೆಯ ದಿನ ದೊಡ್ಡ ಸಾಹೇಬರಿಂದ ಕರೆ ಬಂತು. ಸುಚೇತಾ ರಾಯರಿಗೆ ತುಪ್ಪದ ದೀಪ ಹಚ್ಚಿ ಕಳಿಸಿದಳು. ಏಜೆನ್ಸಿ ಹೋಯಿತು, ಮತ್ತೆ ರೈಸ್‌ಮಿಲ್ಲೇ ಗತಿ ಎಂದುಕೊಂಡು ಒಳಗೆ ಹೋದೆ. ಸಾಹೇಬರು ಕನ್ನಡಕ ತೆಗೆದಿಟ್ಟು, "ಇದು ನಿಜವೇನ್ರೀ?" ಎಂದರು. "ನಿಜ ಸಾರ್." "ಇಪ್ಪತ್ತಾರು ವರ್ಷದ ಸರ್ವೀಸಿನಲ್ಲಿ ಕ್ಲೇಮು ಹಾಕಿದವರ ಸುಳ್ಳು ಓದೀ ಓದೀ ಸಾಕಾಗಿದೆ. ಕ್ಲೇಮು ಹಾಕದೆ ಇದ್ದವರ ಕಾರಣ ಇದೇ ಮೊದಲು ಓದ್ತಿರೋದು" ಎಂದರು. ಆಮೇಲೆ ನಗು ತಡೆಯಲಾರದೆ ಅಟೆಂಡರನ್ನು ಕರೆದು ಎರಡು ಕಾಫಿ ಹೇಳಿದರು. ಪೊಲೀಸರ ಕಾಗದ ಡಿಸೆಂಬರಿನದೇ ಇರುವುದರಿಂದ ತಡವನ್ನು ಮನ್ನಿಸುತ್ತಾರಂತೆ. ನನಗೆ ಮಾತ್ರ ಬಾಯಿ ಬಿಗಿಹಿಡಿದು ವ್ಯಾಪಾರ ಮಾಡಬೇಕೆಂದು ಬರವಣಿಗೆಯಲ್ಲಿ ಎಚ್ಚರಿಕೆ ಸಿಕ್ಕಿದೆ. ಅದನ್ನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕೋಣ ಎನ್ನುತ್ತಾಳೆ ಸುಚೇತಾ.

ಬರುವ ವಾರ ಗುರುವಾರ ಸರ್ವೇಯರ್ ಬಂದು 407 ನೋಡುತ್ತಾರೆ. ಗಾಡಿ ಇದ್ದ ಹಾಗೇ ಇರಲಿ. ದಯವಿಟ್ಟು ಅದಕ್ಕೆ ಸ್ನಾನ ಮಾಡಿಸಿ ವಿಭೂತಿ ಬಳಿಯಬೇಡಿ.

ತಮ್ಮ ಬೈಗುಳಕ್ಕೆ ಹಕ್ಕುದಾರ,
ಜಯತೀರ್ಥ


ನಂಜನಗೂಡು
24-8-98

ಆಚಾರ್ರಿಗೆ ಶರಣು ಶರಣಾರ್ಥಿ.

ಕಾರ್ಮಿಕ ಅಧಿಕಾರಿಗಳ ಮುಂದೆ ಮಾದುಗೆ ಸಲ್ಲಬೇಕಾದದ್ದು ಸಂದಿತು. ಎಷ್ಟು ಎಂದು ನಾನು ಕೇಳಲಿಲ್ಲ, ಅವನ ದುಡ್ಡು. ಚಿನ್ನಮ್ಮ ಎರಡು ಎಮ್ಮೆ ಕಟ್ಟಿದ್ದಾಳೆ. ಮೈಸೂರಿನಲ್ಲಿ ಮಾದುಗೆ ಕೃತಕ ಕಾಲು ಹಾಕಿಸಿದ್ದಾರೆ. ಮೊದಲ ದಿನ ನಮ್ಮ ಅಂಗಳದಲ್ಲಿ ನಡೆದು ತೋರಿಸಿದ. "ಗೇರ್ ಸರ್ಯಾಗ್ ಬೀಳ್ತಿಲ್ಲ ಬುದ್ಧಿ, ಸವೀತಾ ಸವೀತಾ ಸರಿಯೋಯ್ತದೆ" ಅಂದ. ನಾನು ನಗಲೂ ಆಗದೆ ಅಳಲೂ ಆಗದೆ ನಿಂತಿದ್ದೆ.

407 ರಿಪೇರಿಯಾಗಿ ಬಂದಿದೆ. ಗಾಡಿ ಮಾರುವ ಮಾತು ಬಿಟ್ಟಿದ್ದೇನೆ. ವಯಸ್ಸಾಯಿತು ಎಂದು ಬರೆದಿದ್ದೆನಲ್ಲ, ಅದು ನನ್ನ ವ್ಯಾಪಾರದ ಮಾತು. ನಿಮ್ಮದಕ್ಕೆ ನನ್ನದು ಸರಿಹೋಯಿತು.

ನಿಮ್ಮ ಮೇಲೆ ಸಿಟ್ಟಾದದ್ದು ನಿಜ. ಸಾಹೇಬರ ಮುಂದೆ ತಪ್ಪನ್ನು ತಲೆ ಮೇಲೆ ಹಾಕಿಕೊಂಡಿರಿ ಎಂದು ಓದಿದಾಗ ಮನಸ್ಸು ತುಂಬಿ ಬಂತು. ಇವಳು ಆ ಕಾಗದವನ್ನು ಊರೆಲ್ಲ ಓದಿ ಹೇಳಿದ್ದಾಳೆ. ದಸರಾಕ್ಕೆ ಇಬ್ಬರೂ ಬನ್ನಿ. ಅದೇ ಜಗಲಿ, ಅದೇ ಮಜ್ಜಿಗೆ. ಈ ಸಲ ಏನನ್ನೂ ಮಾರಬೇಡಿ.

ನಿಮ್ಮ,
ಚಿಕ್ಕಬಸಪ್ಪ


ನಂಜನಗೂಡು ಟೆಂಪೋ ಸ್ಟ್ಯಾಂಡು
1-3-99 ಸೋಮವಾರ

ನಮ್ಮ ಸ್ವಾಮ್ಯೋರ್ಗೆ ಚಿಕ್ಕಮಾದು ಕೈ ಮುಗ್ದು ಬರ್ಯೋದು.

ನಾನು ನಾಕನೇ ಕ್ಲಾಸು. ಬಾಯಲ್ಲಿ ಬಂದಂಗೆ ಬರೀತಿವ್ನಿ, ಬೇಜಾರ್ ಮಾಡ್ಕೋಬೇಡಿ. ದಸರಕ್ಕೆ ಬಂದಾಗ ನೀವು ಏಳ್ದಂಗೆ ಸ್ಟ್ಯಾಂಡಲ್ಲಿ ಕೂತ್ಕೊಂಡು ಗಾಡಿಯೋರ್ಗೆ ಇನ್ಸೂರೆನ್ಸ್ ಇಸ್ಯ ಏಳ್ತಿವ್ನಿ. ಓದ್ ತಿಂಗ್ಳು ಸಿಕ್ಕಿದ ಒಂಬತ್ತು ಗಾಡಿ ಕಾಗ್ದ ಇದ್ರ ಜೊತೆ ಇಟ್ಟಿವ್ನಿ. ಮುಡ್ಪು ಅನ್ನೋ ಮಾತ ಮಾತ್ರ ಬಾಯಿಂದ ತಗೀಬೇಡ ಕಣೋ ಅಂದಿದ್ರಿ. ತಗ್ದಿಲ್ಲ. "ಕಟ್ಟುದ್ರೆ ಏನ್ ಬತ್ತದೆ ಮಾದಣ್ಣ?" ಅಂತ ಕೇಳ್ತಾರೆ. ಪಂಚೆ ಎತ್ತಿ ಕಾಲು ತೋರುಸ್ತೀನಿ. "ಓಗಿದ್ದು ಬರಾಕಿಲ್ಲ ಕಣ್ಲಾ. ನಿಂತ್ಕೊಳಕೆ ಒಂದು ಬತ್ತದೆ" ಅಂತೀನಿ. ಆಮೇಲೆ ಆರ್ಸಿ ಬುಕ್ಕು ತಗ್ದು ಕೊಡ್ತಾರೆ.

ಬುದ್ಧಿಯೋರು ಏಳು ಚೆಕ್ಕ ಅಳ್ದಿ ಬಟ್ಟೇಲಿ ಕಟ್ಟಿ ಕೊಟ್ಟವ್ರೆ. ಅಂಚೇಲಿ ಆಕ್ತೀನಿ ಅಂದ್ರು. ನಾನ್ ಬುಡ್ನಿಲ್ಲ. ನಾಳೆ ಬೆಳಿಗ್ಗೆ ಬಸ್ಸಲ್ಲಿ ಈ ಕಾಗ್ದಾನೂ ಗಂಟ್ನೂ ನಾನೇ ಒತ್ಕೊಂಡ್ ಬತ್ತೀನಿ. ಆರ್ನ್ ಒಡ್ಯಕ್ಕೆ ಗಾಡಿ ಇಲ್ಲ, ಬಾಗ್ಲಲ್ಲಿ ಕೂಗ್ತೀನಿ. ಅಮ್ಮಾರ್ಗೆ ಏಳಿ, ಓದ್ ವರ್ಸದ ಎಳ್ಳೂ ಬೆಲ್ಲಾನೂ ಬಡ್ಡಿ ಸಮೇತ ಕೊಡ್ಬೇಕು.

ಒಳ್ಗೆ ಇನ್ನೊಂದು ಚಿಕ್ಕ ಗಂಟು ಸಿಕ್ತದೆ. ಅದು ಬುದ್ಧಿಯೋರ್ದಲ್ಲ, ನಂದು. ನನ್ ಗಾಡೀನ ಈಗ ರಂಗನಾಯಕ ಅನ್ನೋ ಉಡ್ಗ ಓಡುಸ್ತವ್ನೆ. ಒಸ್ದಾಗಿ ಮದ್ವೆ ಆಗವ್ನೆ. ಆ ಗಾಡಿ ಡ್ರೈವರ್ ಪಾಲಿನ ಅದಿನೈದು ರೂಪಾಯಿ ಇನ್ಮೇಲೆ ವರ್ಸ ವರ್ಸ ನಾನ್ ಕಟ್ಟೋದು. ಬುದ್ಧಿಯೋರು ಜಗಳಕ್ಕೆ ಬಂದ್ರು, ಅವ್ವಾರು ನನ್ ಕಡೆ ನಿಂತ್ರು. ಅವ್ನ್ಗೆ ಈ ಇಸ್ಯ ಏಳಿಲ್ಲ, ನೀವೂ ಏಳ್ಬೇಡಿ. ಆ ಗಂಟ ಬಿಚ್ಚೋ ಕಾಲ ಬಾರ್ದೇ ಇರ್ಲಿ ಸ್ವಾಮ್ಯೋರೆ. ಬಂದ್ರೆ, ಯಾರೂ ನಾಚ್ಕಳ್ದೆ ಬಿಚ್ಚಿ.

ನಿಮ್ಮ ಬಾಗ್ಲಿಗೆ ಬರೋ,
ಚಿಕ್ಕಮಾದು